ಚಿಮ್ಮಣ್ಣ ಕುಂಟಲಿಲ್ಲ

ಮಕ್ಕಳೇ, ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಬಂದು, ಅಮ್ಮ ಕೇಳಿದರೆ "ಏನೂ ಆಗಿಲ್ಲ" ಅನ್ನುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತು. ಈ ಕತೆ ನಿಮಗೇ ಹೇಳುತ್ತಿರುವುದು. ಅತ್ತಿತ್ತ ನೋಡದೆ ಕೇಳಿ.

ಒಂದು ಕುರುಚಲು ಕಾಡು. ಅದರ ನಡುವೆ ಒಂದು ಕೆರೆ. ಕೆರೆಗೆ ಇಳಿಯಲು ಇದ್ದದ್ದು ಎರಡೇ ದಾರಿ. ಒಂದು ಹೊಂಗೆ ಮರಗಳ ನೆರಳಿನದು. ಅಲ್ಲಿ ನೆಲ ಗಟ್ಟಿ, ನೀರು ತಿಳಿ. ಇನ್ನೊಂದು ಬರೀ ಕೆಸರಿನದು. ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟರೆ ಹೊಟ್ಟೆಯವರೆಗೆ ಹೂತುಹೋಗಬೇಕು.

ಕೆರೆಯ ಒಂದು ಕಡೆ ಹುಲ್ಲುಗಾವಲಿನವರು ಇದ್ದರು: ಚಿಗರೆ, ಮೊಲ, ಮುಂಗುಸಿ, ಮುಳ್ಳುಹಂದಿ. ಇನ್ನೊಂದು ಕಡೆ ಕಲ್ಲುಗುಡ್ಡದಲ್ಲಿ ಮುಸುವಗಳು, ಅಂದರೆ ಕಪ್ಪು ಮುಖದ, ಉದ್ದ ಬಾಲದ ಕೋತಿಗಳು. ನೆರಳಿನ ದಾರಿ ಯಾರಿಗೆ ಅಂತ ಪ್ರತಿ ಬೇಸಿಗೆಗೂ ಜಗಳ. ಕಚ್ಚಾಡಿ, ಪರಚಾಡಿ, ಸಾಕಾಗಿ, ಕೊನೆಗೆ ಹಿರಿಯರೆಲ್ಲ ಕೂತು ಒಂದು ಕಟ್ಟಳೆ ಮಾಡಿದರು. ಬೇಸಿಗೆಗೆ ಮುಂಚೆ ಒಂದು ಕಾಲ್ಚೆಂಡಾಟ. ಗೆದ್ದವರಿಗೆ ನೆರಳು, ಸೋತವರಿಗೆ ಕೆಸರು.

ಚೆಂಡು ಅಂದರೆ ಒಣಗಿದ ಬೇಲದ ಕಾಯಿ. ಬಯಲಿನ ಆ ತುದಿಗೊಂದು ಗುಂಡಿ, ಈ ತುದಿಗೊಂದು ಗುಂಡಿ. ಎದುರಾಳಿಯ ಗುಂಡಿಗೆ ಚೆಂಡು ಕೆಡವಿದರೆ ಗೋಲು. ಒಂದೇ ಗೋಲು, ಅಲ್ಲಿಗೆ ಆಟ ಮುಗಿಯಿತು. ಬಯಲಿನ ಸುತ್ತ ಬಿಳಿ ಕಲ್ಲುಗಳ ಸಾಲು ಇತ್ತು. ಚೆಂಡನ್ನು ಆ ಸಾಲು ದಾಟಿಸಿದ ತಂಡ ಸೋತಂತೆ.

ಇನ್ನೊಂದು ಕಟ್ಟಳೆ ಇತ್ತು. ಅದನ್ನು ತೋಳನಿಗಾಗಿಯೇ ಮಾಡಿದ್ದರು. ಆಟದ ಚೆಂಡು ಉರುಳುತ್ತಿರುವಷ್ಟು ಹೊತ್ತು ತೋಳ ಯಾರನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಅವನಿಗೆ ಆ ಕೆರೆಯ ನೀರು ಇಲ್ಲ. ಅದನ್ನು ನೋಡಿಕೊಳ್ಳಲು ಕೆರೆಯಲ್ಲಿ ಮೊಸಳೆ ಬಾಯಿ ತೆರೆದುಕೊಂಡೇ ಇತ್ತು. ಆದರೆ ಚೆಂಡು ನಿಂತಿತೋ, ಕಟ್ಟಳೆಯೂ ಮುಗಿಯಿತು. ಆಮೇಲೆ ಎಲ್ಲರೂ ಜೀವ ಹಿಡಿದುಕೊಂಡು ಮನೆಗೆ ಓಡಬೇಕು.

ತೋಳ ಪ್ರತಿ ವರ್ಷ ಆಟ ನೋಡಲು ಬರುತ್ತಿದ್ದ. ಬಂಡೆಯ ಮೇಲೆ ಕೂತು, ಕಿವಿ ಸಹ ಅಲ್ಲಾಡಿಸದೆ ನೋಡುತ್ತಿದ್ದ. ಪಾಪ, ಆಟದ ಹುಚ್ಚು ಅಂದುಕೊಂಡಿರಾ? ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ. ಅವನು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಕಾಲುಗಳನ್ನು ನೋಡುತ್ತಿದ್ದ. ಯಾರು ಕುಂಟುತ್ತಾರೆ, ಯಾರು ಹಿಂದೆ ಬೀಳುತ್ತಾರೆ, ಆಟ ಮುಗಿದ ಮೇಲೆ ಯಾರನ್ನು ಅಟ್ಟಿದರೆ ಸಿಗುತ್ತಾರೆ, ಇದೇ ಅವನ ಲೆಕ್ಕ.

ಹುಲ್ಲುಗಾವಲಿನವರು ಹೋದ ವರ್ಷ ಸೋತಿದ್ದರು. ಆ ಬೇಸಿಗೆಯಲ್ಲಿ ಮೊಲದ ಮರಿಯೊಂದು ಕೆಸರಿನಲ್ಲಿ ಹೂತು, ಎಳೆದು ತೆಗೆಯುವಷ್ಟರಲ್ಲಿ ಅರೆಜೀವವಾಗಿತ್ತು. ಅದಕ್ಕೇ ಈ ಸಲ ಎಲ್ಲರ ಕಣ್ಣೂ ಚಿಮ್ಮಣ್ಣನ ಮೇಲೆ.

ಚಿಮ್ಮಣ್ಣ ಹರೆಯದ ಚಿಗರೆ. ಅವನು ಚೆಂಡು ತೆಗೆದುಕೊಂಡು ಹೊರಟರೆ ಹುಲ್ಲು ಮೇಯುತ್ತಿದ್ದವರು ಮೇವು ಬಾಯಲ್ಲೇ ಇಟ್ಟುಕೊಂಡು ನೋಡುತ್ತಿದ್ದರು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತಾಪತ್ರಯ.

ಆಟಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ, ಕಾಡುಹಂದಿಗಳ ಜೊತೆ ಅಭ್ಯಾಸದ ಆಟ ಆಡುತ್ತಾ ಅವನು ಬಿದ್ದ. ಎಡ ಮುಂಗಾಲು ಊದಿಕೊಂಡಿತು. ಕಾಲಿನ ವೈದ್ಯಕ್ಕೆ ಆ ಕಾಡಿನಲ್ಲಿ ಹೆಸರಾದವಳು ಕೊಕ್ಕರೆ ಅಜ್ಜಿ. ಅವಳು ಒಂಟಿ ಕಾಲಿನಲ್ಲಿ ನಿಂತು, ಕೊಕ್ಕಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು.

"ಎಲುಬು ಬಿರುಕು ಬಿಟ್ಟಿದೆ ಕಣಪ್ಪ. ಹುಣ್ಣಿಮೆ ಕಳೆಯೋವರೆಗೂ ಓಡಬೇಡ."

"ಆಟ ಹುಣ್ಣಿಮೆಗೆ ಮುಂಚೇನೇ ಇದೆ ಅಜ್ಜಿ!"

"ಇರಲಿ. ಓಡಿದರೆ ಮುರಿಯುತ್ತೆ. ಮುರಿದರೆ ಜನ್ಮದಲ್ಲಿ ಮತ್ತೆ ಓಡೋ ಮಾತಿಲ್ಲ. ಚಿಗರೆ ಓಡದಿದ್ದರೆ ಏನಾಗುತ್ತೆ ಅಂತ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಬಂಡೆ ಅಲ್ಲೇ ಕಾಣುತ್ತಿತ್ತು.

ತಂಡದ ನಾಯಕ ಮುಳ್ಳುಹಂದಿ ಸೂಜಪ್ಪ. ಗುಂಡಿ ಕಾಯುವವನೂ ಅವನೇ. ಒಳ್ಳೆಯವನು, ಮೆದು ಮಾತಿನವನು. ದಿನಾ ಬೆಳಗ್ಗೆ ಚಿಮ್ಮಣ್ಣನ ಹತ್ತಿರ ಬರುತ್ತಿದ್ದ.

"ಹೇಗಿದೆಯಪ್ಪ ಕಾಲು?"

"ಪರವಾಗಿಲ್ಲ ಸೂಜಪ್ಪ ಮಾವ."

"ನಾನೇನು ಒತ್ತಾಯ ಮಾಡ್ತಿಲ್ಲಪ್ಪ. ಸುಮ್ಮನೆ ಕೇಳಿದೆ."

ಸುಮ್ಮನೆ ಅಂತೆ! ದಿನಾ ಬಂದು ಸುಮ್ಮನೆ ಕೇಳುವುದು ಒತ್ತಾಯವಲ್ಲದೆ ಇನ್ನೇನು? ಆದರೆ ಸೂಜಪ್ಪನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಚಿಮ್ಮಣ್ಣನ ಹೊಟ್ಟೆಯೊಳಗೇ ಒಂದು ಹುಳ ಕೊರೆಯುತ್ತಿತ್ತು. ತಾನಿಲ್ಲದೆ ಇವರು ಸೋತರೆ ಅನ್ನುವ ಚಿಂತೆಯಷ್ಟೇ ಅಲ್ಲ. ತಾನಿಲ್ಲದೆ ಇವರು ಗೆದ್ದುಬಿಟ್ಟರೆ? ಆ ಯೋಚನೆ ಬಂದರೆ ಅವನಿಗೆ ಹುಲ್ಲು ರುಚಿಸುತ್ತಿರಲಿಲ್ಲ.

ಚಿಗರೆಗಳ ಮನೆಯಲ್ಲಿ ಒಂದು ಪಾಠ ಉಂಟು. ಮರಿ ಎದ್ದು ನಿಂತ ದಿನವೇ ತಾಯಿ ಕಿವಿಯಲ್ಲಿ ಹೇಳುತ್ತಾಳೆ: "ಎಷ್ಟೇ ನೋಯಲಿ, ಕುಂಟಬೇಡ. ಕುಂಟಿದರೆ ತೋಳ ನೋಡುತ್ತೆ." ಈ ವಿದ್ಯೆಯನ್ನು ಚಿಮ್ಮಣ್ಣ ಈಗ ತನ್ನವರ ಮುಂದೆಯೇ ಬಳಸಿದ. ಎಲ್ಲರೂ ನೋಡುವಾಗ ನೆಟ್ಟಗೆ ನಡೆಯುವುದು, ಯಾರೂ ಇಲ್ಲದಾಗ ಪೊದೆಯ ಹಿಂದೆ ಬಿದ್ದುಕೊಂಡು ಕಾಲು ನೆಕ್ಕುವುದು.

ಆಟದ ಹಿಂದಿನ ದಿನ ಹೆಜ್ಜೆ ನೋಡುವ ಪದ್ಧತಿ. ಪ್ರತಿ ಆಟಗಾರನೂ ಕೆರೆಯಂಚಿನ ಹಸಿ ಮಣ್ಣಿನ ಮೇಲೆ ನಡೆಯಬೇಕು. ನೋಯುವ ಕಾಲು ಹಗುರಾಗಿ ಊರುತ್ತದೆ, ಅದರ ಗುರುತು ತೆಳುವಾಗಿ ಬೀಳುತ್ತದೆ. ಕೊಕ್ಕರೆ ಅಜ್ಜಿ ಗುರುತು ನೋಡಿ ಹೇಳುತ್ತಾಳೆ.

ಚಿಮ್ಮಣ್ಣ ಹಲ್ಲು ಕಚ್ಚಿ, ನೋಯುವ ಕಾಲನ್ನೇ ಬಲವಾಗಿ ಒತ್ತಿ ಒತ್ತಿ ನಡೆದ. ಕಣ್ಣಿನಲ್ಲಿ ನೀರು ತುಂಬಿತು. ನೊಣ ಕೂತಿತು ಅನ್ನುವ ಹಾಗೆ ತಲೆ ಕೊಡವಿದ.

ಅಜ್ಜಿ ಬಗ್ಗಿ ನೋಡಿದಳು. ನಾಲ್ಕು ಗೊರಸಿನ ಗುರುತೂ ಒಂದೇ ಸಮ.

"ಇಷ್ಟು ಬೇಗ ಹೇಗೆ ಕೂಡಿಕೊಂಡಿತೋ!" ಅಂದಳು. "ಕಾಲು ನಿನ್ನದು. ನಿಜ ಹೇಳು, ನೋಯ್ತಿದೆಯಾ?"

"ಇಲ್ಲ ಅಜ್ಜಿ."

ಸೂಜಪ್ಪ ಖುಷಿಗೆ ಮುಳ್ಳೆಲ್ಲ ಗಲಗಲ ಅಲ್ಲಾಡಿಸಿದ. ಚಿಮ್ಮಣ್ಣನ ಬದಲಿಗೆ ಆಡಬೇಕಿದ್ದ ಮುಂಗುಸಿ ಚೂಟಮ್ಮ ಮಾತ್ರ ನಗಲಿಲ್ಲ. ಅವಳು ಅವನ ಹಿಂದೆಯೇ ಪೊದೆಗೆ ಹೋದಳು. ಚಿಮ್ಮಣ್ಣ ಕಾಲು ಮಡಚಿಕೊಂಡು ನಡುಗುತ್ತಾ ಬಿದ್ದಿದ್ದ.

"ಚಿಮ್ಮಣ್ಣ, ಏನಿದು? ಅಜ್ಜಿಗೆ ಸುಳ್ಳು ಹೇಳಿದೆಯಾ?"

"ಮೆಲ್ಲಗೆ ಮಾತಾಡು!"

"ನಾಳೆ ತೋಳ ಇರ್ತಾನೆ ಕಣೋ. ಕಾಲು ಮುರಿದರೆ ಮನೆಗೆ ಹೇಗೆ ಓಡ್ತೀಯ?"

"ನಿನಗೆ ನನ್ನ ಕಾಲಿನ ಚಿಂತೆಯೋ, ನನ್ನ ಜಾಗದ ಆಸೆಯೋ?"

ಚೂಟಮ್ಮ ಪೊದೆಯಿಂದ ಹೊರಗೆ ಬಂದಳು. ಸೂಜಪ್ಪನಿಗೆ ಹೇಳಬೇಕು ಅಂತ ಹೊರಟವಳು ಅರ್ಧ ದಾರಿಯಲ್ಲಿ ನಿಂತಳು. ಜಾಗಕ್ಕಾಗಿ ಚಾಡಿ ಹೇಳಿದಳು ಅಂತ ಎಲ್ಲರೂ ಅಂದುಬಿಟ್ಟರೆ? ಹೇಳಲೋ ಬೇಡವೋ, ಹೇಳಲೋ ಬೇಡವೋ ಅನ್ನುತ್ತಲೇ ಹಿಂದಿರುಗಿದಳು. ಅವಳು ಹೇಳಬೇಕಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ ಅಂತ ನೀವು ಸುಲಭವಾಗಿ ಅನ್ನಬಹುದು. ಅನ್ನಿ, ಅನ್ನಿ.

ಮರುದಿನ ಹೊತ್ತು ಇಳಿಯುವಾಗ ಆಟ ಶುರುವಾಯಿತು. ತೋಳ ಬಂಡೆಯ ಮೇಲೆ ಬಂದು ಕೂತ.

ಮುಸುವಗಳ ನಾಯಕ ಕರಿಮೂತಿ ಚೆಂಡು ಒದ್ದ. ಸೂಜಪ್ಪ ಗುಂಡಿಯ ಮುಂದೆ ಮುಳ್ಳು ಕೆದರಿ ನಿಂತು ತಡೆದ. ಚೆಂಡು ಚಿಮ್ಮಣ್ಣನಿಗೆ ಬಂತು. ಅವನು ಓಡಿದ. ಆಹಾ, ಏನು ಓಟ! ಒಬ್ಬ ಮುಸುವನನ್ನು ದಾಟಿದ, ಇನ್ನೊಬ್ಬನನ್ನು ಹಾರಿದ. ಹುಲ್ಲುಗಾವಲಿನವರೆಲ್ಲ "ಚಿಮ್ಮಣ್ಣ! ಚಿಮ್ಮಣ್ಣ!" ಅಂತ ಕೂಗಿದರು. ಗುಂಡಿಯ ಹತ್ತಿರ ಎಡಗಾಲಿನಿಂದ ಒದೆಯಬೇಕಿತ್ತು. ಅವನು ಕಾಲು ಬದಲಿಸಿ ಬಲಗಾಲಿನಿಂದ ಒದ್ದ. ಚೆಂಡು ಗುಂಡಿಯ ಪಕ್ಕದಲ್ಲೇ ಹಾದುಹೋಯಿತು, ಮುಸುವನೊಬ್ಬ ಹಿಂದಕ್ಕೆ ಒದ್ದ.

"ಅಯ್ಯೋ! ಸ್ವಲ್ಪದರಲ್ಲಿ ತಪ್ಪಿತು!" ಅಂದರು ಎಲ್ಲರೂ.

ಯಾಕೆ ತಪ್ಪಿತು ಅಂತ ಒಬ್ಬನಿಗೆ ಗೊತ್ತಾಯಿತು. ತೋಳ ಎದ್ದು ನಿಂತ.

ಚಿಮ್ಮಣ್ಣ ಅದನ್ನು ಕಂಡ. ಈಗಲಾದರೂ ಹೊರಗೆ ಹೋಗಬಹುದಿತ್ತು. "ಚೂಟಮ್ಮ, ನೀನು ಆಡು" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಕೂಗು ಇನ್ನೂ ಅವನ ಕಿವಿಯಲ್ಲಿ ಇತ್ತು. ಮತ್ತೆ ಓಡಿದ. ಮತ್ತೆ ಮತ್ತೆ ಓಡಿದ. ತೋಳ ಬಂಡೆ ಇಳಿದ.

ಬಿಸಿಲು ಕೆಂಪಾಯಿತು. ಕರಿಮೂತಿಯ ಕಾಲಿನಿಂದ ಚೆಂಡು ಜಾರಿ ಮೇಲಕ್ಕೆ ಹಾರಿತು. ಅದನ್ನು ಹಿಡಿಯಲು ಚಿಮ್ಮಣ್ಣ ಮೈಯೆಲ್ಲ ಬಿಲ್ಲು ಮಾಡಿ ನೆಗೆದ. ಎಡಗಾಲು ನೆಲಕ್ಕೆ ಊರಿತು.

ಲಟಕ್!

ಆ ಸದ್ದು ಇಡೀ ಬಯಲಿಗೆ ಕೇಳಿಸಿತು. ಚಿಮ್ಮಣ್ಣ ಬಿಳಿ ಕಲ್ಲುಗಳ ಹತ್ತಿರ ಕವುಚಿ ಬಿದ್ದ. ಏಳಲು ನೋಡಿದ, ಬಿದ್ದ. ಮತ್ತೆ ನೋಡಿದ, ಮತ್ತೆ ಬಿದ್ದ.

ಚೂಟಮ್ಮ ಒಳಗೆ ನುಗ್ಗಿದಳು. ಉರುಳುತ್ತಿದ್ದ ಚೆಂಡು ಅವಳ ಕಾಲಿಗೇ ಸಿಕ್ಕಿತು. ಎದುರಿಗೆ ಮುಸುವಗಳ ಗುಂಡಿ. ಅದನ್ನು ಕಾಯಬೇಕಾದವನು ಬಿದ್ದವನನ್ನು ನೋಡಲು ಬಂದಿದ್ದ. ಗುಂಡಿ ಖಾಲಿ!

"ಹೊಡಿ ಚೂಟಮ್ಮ! ಹೊಡಿ!" ಹುಲ್ಲುಗಾವಲೆಲ್ಲ ಕಿರುಚಿತು. ಒಂದು ಒದೆತ, ಅಷ್ಟೇ. ನೆರಳು ಅವರದು, ತಿಳಿನೀರು ಅವರದು.

ಚೂಟಮ್ಮ ಚೆಂಡು ಉರುಳಿಸುತ್ತಲೇ ತಿರುಗಿ ನೋಡಿದಳು. ತೋಳ ಬಿಳಿ ಕಲ್ಲಿನ ಆಚೆ, ಚಿಮ್ಮಣ್ಣನ ಬೆನ್ನ ಹಿಂದೆಯೇ ಬಂದು ನಿಂತಿದ್ದ. ಒಂದು ಮುಂಗಾಲು ಮೇಲೆತ್ತಿಕೊಂಡಿದ್ದ. ಚೆಂಡು ಗುಂಡಿಗೆ ಬಿದ್ದರೆ ನಿಲ್ಲುತ್ತದೆ. ನಿಂತರೆ ಕಟ್ಟಳೆ ಮುಗಿಯುತ್ತದೆ. ಇಡೀ ಬಯಲಿನಲ್ಲಿ ಆ ಗೋಲಿಗಾಗಿ ಎಲ್ಲರಿಗಿಂತ ಆಸೆಯಿಂದ ಕಾಯುತ್ತಿದ್ದವನು ಅವನೇ.

"ಚೂಟಮ್ಮ," ಅಂದ ಚಿಮ್ಮಣ್ಣ. ಅವನ ದನಿ ಮರಿಯ ದನಿಯ ಹಾಗಿತ್ತು. "ನನ್ನ ಕಾಲು ಮುರಿದಿದೆ. ಮೊದಲಿನಿಂದಲೂ ನೋಯ್ತಿತ್ತು. ನನಗೆ ಭಯ ಆಗ್ತಿದೆ."

ಚೂಟಮ್ಮ ಚೆಂಡನ್ನು ಗುಂಡಿಯ ಕಡೆ ಒದೆಯಲಿಲ್ಲ. ತಿರುಗಿಸಿಕೊಂಡು ಬಿಳಿ ಕಲ್ಲುಗಳ ಕಡೆ ಹೊರಟಳು.

"ಏನು ಮಾಡ್ತಿದ್ದೀಯೇ!" ಅಂತ ಸೂಜಪ್ಪ ಕೂಗಿದ.

"ಸೋಲ್ತಿದ್ದೀನಿ ಮಾವ! ಅವನನ್ನ ಎಬ್ಬಿಸಿ! ಚೆಂಡು ನಿಲ್ಲಬಾರದು!"

ಚೆಂಡು ಸಾಲು ದಾಟಿತು. ಮುಸುವಗಳು "ಗೆದ್ದೆವು!" ಅಂತ ಕುಣಿದವು. ಸೂಜಪ್ಪನಿಗೆ ಆಗ ಅರ್ಥವಾಯಿತು. ಮೊಲಗಳು ಒಂದು ಕಡೆಯಿಂದ ಎತ್ತಿದವು, ಚಿಮ್ಮಣ್ಣ ಮೂರು ಕಾಲಿನ ಮೇಲೆ ಎದ್ದ. ಸೂಜಪ್ಪ ಅವನಿಗೂ ತೋಳನಿಗೂ ನಡುವೆ ಮುಳ್ಳು ಕೆದರಿಕೊಂಡು ನಡೆದ. ಮುಂದೆ ಚೂಟಮ್ಮ ಚೆಂಡು ಉರುಳಿಸುತ್ತಾ ಹೊರಟಳು. ಚಿಗರೆಗಳು ಮಲಗುವ ಮುಳ್ಳುಪೊದೆ ಬಿಳಿ ಕಲ್ಲುಗಳ ಆಚೆ, ಇಳಿಜಾರಿನ ಕೆಳಗೆ ದೂರದಲ್ಲಿತ್ತು. ಅಲ್ಲಿಗೆ ಸೇರಿದರೆ ತೋಳ ಒಳಗೆ ಬರಲಾರ.

ತೋಳ ಪಕ್ಕದಲ್ಲೇ ನಡೆದು ಬಂದ. ಅವಸರವಿಲ್ಲ. "ಆ ಕಾಯಿ ಎಷ್ಟು ಹೊತ್ತು ಉರುಳುತ್ತೆ, ನೋಡೋಣ," ಅಂದ.

ಇಳಿಜಾರು ಮುಗಿದು ಒರಟು ಹುಲ್ಲು ಬಂತು. ಚೂಟಮ್ಮನಿಗೆ ಏದುಸಿರು. ಚೆಂಡು ಒಂದು ಹುಲ್ಲಿನ ಬುಡಕ್ಕೆ ಸಿಕ್ಕಿ ತತ್ತರಿಸಿತು. ಇನ್ನೇನು ನಿಂತಿತು! ತೋಳ ಮೈ ಕುಗ್ಗಿಸಿದ.

ಎಲ್ಲಿಂದಲೋ ಒಂದು ಉದ್ದ ಬಾಲ ಬೀಸಿ ಚೆಂಡನ್ನು ಮುಂದಕ್ಕೆ ತಳ್ಳಿತು. ಕರಿಮೂತಿ!

"ನೀನ್ಯಾಕೆ ಬಂದೆ? ನೀವು ಗೆದ್ದಾಯಿತಲ್ಲ!" ಅಂದಳು ಚೂಟಮ್ಮ.

"ಗೆದ್ದಾಯಿತು. ಹೋದ ವರ್ಷ ನನ್ನ ತಮ್ಮನ್ನ ತಿಂದವನು ಇವನೇ," ಅಂದ ಕರಿಮೂತಿ. "ಒದಿ, ಮಾತು ಸಾಕು."

ಆಮೇಲೆ ಎರಡು ತಂಡವೂ ಸೇರಿ ಆಡಿತು. ಅವಳಿಂದ ಇವನಿಗೆ, ಇವನಿಂದ ಇನ್ನೊಬ್ಬನಿಗೆ. ಗುಂಡಿಯಿಲ್ಲ, ಗೋಲಿಲ್ಲ, ಕೂಗಿಲ್ಲ. ಚೆಂಡು ಉರುಳುವ ಸದ್ದು ಮತ್ತು ಚಿಮ್ಮಣ್ಣನ ನರಳಾಟ, ಅಷ್ಟೇ. ಅವನು ಕುಂಟುತ್ತಿದ್ದ. ಎಲ್ಲರ ಎದುರಿಗೆ, ತೋಳನ ಎದುರಿಗೆ, ನಾಚಿಕೆ ಬಿಟ್ಟು ಕುಂಟುತ್ತಿದ್ದ.

ಕೊನೆಗೆ ಪೊದೆ ಬಂತು. ಚಿಮ್ಮಣ್ಣನನ್ನು ಒಳಗೆ ತಳ್ಳಿ, ಎಲ್ಲರೂ ಅವನ ಹಿಂದೆ ನುಸುಳಿದರು. ಚೆಂಡು ಹೊರಗೆ ಒಂದಿಷ್ಟು ದೂರ ಉರುಳಿ ನಿಂತಿತು. ತೋಳ ಅದನ್ನು ಮೂಸಿ ನೋಡಿ, ಹೊರಟುಹೋದ.

ಬೇಸಿಗೆ ಬಂತು. ನೆರಳಿನ ದಾರಿ ಮುಸುವಗಳದ್ದಾಯಿತು. ಸ್ನೇಹ ಸ್ನೇಹವೇ, ಕಟ್ಟಳೆ ಕಟ್ಟಳೆಯೇ. ಹುಲ್ಲುಗಾವಲಿನವರು ಸುಡುವ ಬಿಸಿಲಿನಲ್ಲಿ ಕೆಸರಿನ ದಾರಿ ಹಿಡಿದರು. ಮೊಲಗಳು ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಇಳಿಯುತ್ತಿದ್ದವು. ಚಿಮ್ಮಣ್ಣನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು ಅಂತ ಅವನಿಗೆ ಎಷ್ಟೋ ಸಲ ಅನ್ನಿಸಿತು. ಅವನ ಕಾಲು ಸೊಟ್ಟಗೆ ಕೂಡಿಕೊಂಡಿತ್ತು. ಅವನು ಇನ್ನೆಂದೂ ಆಡಲಾರ.

ಒಂದು ದಿನ ಸೂಜಪ್ಪ ದಡದ ಮೇಲೆ ಅವನಿಗಾಗಿ ನಿಂತ. ಮೊದಲಿನ ಹಾಗೆಯೇ ಕೇಳಿದ.

"ಹೇಗಿದೆಯಪ್ಪ ಕಾಲು?"

ಚಿಮ್ಮಣ್ಣ ಕೆಸರು ನೋಡಿದ, ಮರಿಗಳನ್ನು ನೋಡಿದ, ಆಮೇಲೆ ಸೂಜಪ್ಪನನ್ನು ನೋಡಿದ.

"ನೋಯ್ತಿದೆ ಮಾವ. ತುಂಬಾ ನೋಯ್ತಿದೆ."

"ಹಾಗಾದರೆ ನಿಧಾನಕ್ಕೆ ಬಾ," ಅಂದ ಸೂಜಪ್ಪ. "ನಾವು ಕಾಯ್ತೀವಿ."

ನೀತಿ: ನೋವನ್ನು ಮುಚ್ಚಿಡಬೇಕಾದದ್ದು ಹಗೆಗಳಿಂದ, ನಮ್ಮವರಿಂದಲೇ ಮುಚ್ಚಿಟ್ಟರೆ ಅದರ ದಂಡವನ್ನು ನಮ್ಮವರೆಲ್ಲ ತೆರಬೇಕಾಗುತ್ತದೆ.