ಗಾಳಿಯ ಬಾಲ ನೋಡಲು ಹೊರಟ ಕಾಡೆಮ್ಮೆ

ಲೋಕ ಆಗಿನ್ನೂ ಹಸಿ ಮಡಕೆ. ಯಾರು ಎಲ್ಲಿ ಒತ್ತಿದರೂ ಗುರುತು ಹಾಗೇ ಉಳಿದುಬಿಡುತ್ತಿತ್ತು.

ಆಗ ದೂರದ ಅಮೆರಿಕದಲ್ಲಿ, ಕಣ್ಣು ಹಾಯಿಸಿದಷ್ಟೂ ಹುಲ್ಲೇ ಇದ್ದ ಬಯಲಲ್ಲಿ, ಕಾಡೆಮ್ಮೆಗಳ ಮಂದೆಯೊಂದಿತ್ತು. ಅವಕ್ಕೆ ಹೆಗಲ ಮೇಲೆ ಗುಡ್ಡ ಇರಲಿಲ್ಲ, ಗಡ್ಡವೂ ಇರಲಿಲ್ಲ. ಮೈತುಂಬ ಒಂದೇ ಸಮ ಕೂದಲು, ಅಷ್ಟೇ.

ಆ ಮಂದೆಯಲ್ಲಿ ಒಬ್ಬಳಿದ್ದಳು. ಹುಲ್ಲು ಯಾಕೆ ಬಾಗುತ್ತೆ? ಹೊಳೆ ಯಾಕೆ ನಿಲ್ಲಲ್ಲ? ಬೆಳಗಾದರೆ ಇದೇ. ಕೇಳಿ ಕೇಳಿ ಸಾಕಾಗಿ ಮಂದೆ ಅವಳಿಗೆ ಯಾಕವ್ವ ಅಂತಲೇ ಹೆಸರಿಟ್ಟಿತ್ತು. ಅವಳಿಗೊಂದು ಕರು. ಹುಟ್ಟುವಾಗ ಕೆಂಪಗಿತ್ತೆಂದು ಅದನ್ನು ಕೆಂದ ಅನ್ನುತ್ತಿದ್ದಳು.

ಒಂದು ಚಳಿಗಾಲ ಬಡಗಣ ಗಾಳಿ ಹಿಮ ಹೊತ್ತು ಬಂತು. ಮಂದೆಯ ಪದ್ಧತಿ ಒಂದೇ: ಗಾಳಿಗೆ ಬೆನ್ನು ಕೊಡು, ಓಡು. ಓಡಿದವು. ಗಾಳಿಯೂ ಬೆನ್ನಿಗೇ ಬಂತು. ನಿಂತರೂ ಹಿಮ, ಓಡಿದರೂ ಹಿಮ. ತಿನ್ನಲು ಒಂದೆಳೆ ಹುಲ್ಲಿಲ್ಲ. ಕೆಂದನ ಕಾಲು ಸೋತವು.

"ಅಮ್ಮಾ, ಇದು ಮುಗಿಯೋದೇ ಇಲ್ವಾ?"

ಯಾಕವ್ವ ತಿರುಗಿ ಗಾಳಿಯನ್ನೇ ಕೇಳಿದಳು. "ಗಾಳಿಯಪ್ಪಾ, ನಿನಗೆ ಬಾಲ ಇದೆಯಾ?"

ಗಾಳಿ ಗಹಗಹಿಸಿತು. "ತಲೆ ಇದ್ದೋನಿಗೆ ಬಾಲ ಇರಲ್ವೇನೇ? ಆದರೆ ಯಾರೂ ನೋಡಿಲ್ಲ. ಎಲ್ಲರೂ ನನಗೆ ತಮ್ಮ ಬಾಲ ತೋರಿಸಿಕೊಂಡೇ ಓಡ್ತಾರೆ!"

"ಹಾಗಾದರೆ ನಾನು ನೋಡಬೇಕಲ್ಲ."

ಮಂದೆಯ ಮುದಿ ಕೋಣ ದೊಡ್ಡಯ್ಯ ಕಂಗಾಲಾದ. "ತಲೆ ಕೆಟ್ಟಿದೆಯೇನೇ? ಕೇಳೋ ಚಟ ನಿನಗಿರಲಿ. ಕೂಸನ್ನೂ ಕೊಲ್ತೀಯಾ?"

"ದೊಡ್ಡಯ್ಯಾ, ನಾವು ಓಡೋ ಕಡೆಗೇ ಗಾಳಿಯೂ ಓಡ್ತಿದೆ. ಹೀಗೆ ಜೊತೆಜೊತೆಗೇ ಹೋದರೆ ಅದು ನಮ್ಮನ್ನ ದಾಟೋದು ಯಾವಾಗ?"

ದೊಡ್ಡಯ್ಯ ಬಾಯಿ ತೆರೆದ. ತೆರೆದ ಬಾಯಿಗೆ ಹಿಮ ತುಂಬಿತು.

ಯಾಕವ್ವ ಗಾಳಿಗೆ ಮುಖ ಕೊಟ್ಟು ಹೊರಟಳು. ಅವಳ ಮರೆಯಲ್ಲಿ ಕೆಂದ. ಹಿಮ ಹಣೆಗೆ ಬಡಿಯಿತು, ಕೊರಳಿಗೆ ಬಡಿಯಿತು. ಹಿಂಭಾಗದ ಕೂದಲಿಗೆ ಕುತೂಹಲ ತಡೆಯಲಾಗಲಿಲ್ಲ.

"ಮುಂದೆ ಏನ್ರೋ ಗಲಾಟೆ?"

"ಚಳಿ ಕಣ್ರೋ! ಸತ್ವಿ, ಬನ್ನಿ!" ಅಂದಿತು ಕೊರಳಿನ ಕೂದಲು.

ತೊಡೆಯ ಕೂದಲು, ಸೊಂಟದ ಕೂದಲು ಗುಂಪುಗುಂಪಾಗಿ ಮುಂದಕ್ಕೆ ನಡೆದವು. ಹೆಗಲ ಮೇಲೆ ಒತ್ತೊತ್ತಾಗಿ ಕೂತವು, ಹಣೆ ಮುಚ್ಚಿದವು. ಜಾಗ ಸಿಗದವು ಗಲ್ಲದಿಂದ ಜೋತುಬಿದ್ದವು. ಹಿಂದೆ ಉಳಿದದ್ದು ಸೋಮಾರಿಗಳು ಮಾತ್ರ.

ಅಷ್ಟರಲ್ಲಿ ಕೆಂದ ಕುಸಿದ. "ಹಸಿವು, ಅಮ್ಮಾ."

ಯಾಕವ್ವ ಹಿಮಕ್ಕೆ ಮೂಗು ತಾಗಿಸಿ ಕೇಳಿದಳು. "ಹಿಮವೇ, ಇಲ್ಲಿದ್ದ ಹುಲ್ಲು ಏನಾಯಿತು?"

"ನಾನು ಹೊದಿಸೋಳು, ತಿನ್ನೋಳಲ್ಲ," ಅಂದಿತು ಹಿಮ. "ಬೇಕಿದ್ದರೆ ಹೊದಿಕೆ ಸರಿಸಿ ನೋಡ್ಕೋ."

ಅವಳು ತಲೆ ತಗ್ಗಿಸಿ ತಳ್ಳಿದಳು. ಎಡಕ್ಕೆ, ಬಲಕ್ಕೆ. ಎಡಕ್ಕೆ, ಬಲಕ್ಕೆ. ಭಾರಕ್ಕೆ ಹೆಗಲು ಉಬ್ಬಿತು. ಇನ್ನೂ ತಳ್ಳಿದಳು. ಉಬ್ಬಿ ಉಬ್ಬಿ ಗುಡ್ಡವಾಯಿತು. ಕೊನೆಗೆ ಮೂಗಿಗೆ ಒಣಹುಲ್ಲಿನ ವಾಸನೆ ಹತ್ತಿತು.

ಮಲಗಿದ್ದಲ್ಲೇ ಕೆಂದ ಬಾಯಿ ಹಾಕಿದ. ಕರ್ರ್, ಕರ್ರ್. ಆಮೇಲೆ ಎದ್ದು ನಿಂತ.

ಅವನು ಮೇಯುತ್ತಿರುವಾಗಲೇ ಇಷ್ಟೇ ಇಷ್ಟು ತೆಳ್ಳನೆಯ ಗಾಳಿಯೊಂದು ಸುಯ್ ಅಂತ ಪಕ್ಕದಲ್ಲಿ ಹಾದುಹೋಯಿತು. ಅದರ ಹಿಂದೆ ನೀಲಿ ಆಕಾಶ.

"ಅಯ್ಯೋ, ಇದೇನಾ ನಿನ್ನ ಬಾಲ? ಇಲಿಯದ್ದೇ ವಾಸಿ!"

"ಯಾರಿಗೂ ಹೇಳಬೇಡವೇ, ತಾಯೀ," ಅಂತ ಗಾಳಿ ಓಡಿತು.

ಯಾಕವ್ವ ಸುಮ್ಮನಿರುವವಳೇ? ಕೂಗಿ ಕೂಗಿ ಮಂದೆಯನ್ನೆಲ್ಲ ಈ ಕಡೆಗೆ ತಿರುಗಿಸಿದಳು. ಮೊದಲು ಬಂದವನು ದೊಡ್ಡಯ್ಯ. ಅವಳ ಪಕ್ಕದಲ್ಲಿ ತಲೆ ತಗ್ಗಿಸಿದ. ಎಡಕ್ಕೆ, ಬಲಕ್ಕೆ.

ಅದಕ್ಕೇ ಕಣೋ ಮಗು, ಆ ಕಾಡೆಮ್ಮೆಯ ಚಿತ್ರ ಎಲ್ಲಿ ನೋಡಿದರೂ ಹೆಗಲ ಮೇಲೊಂದು ಗುಡ್ಡ, ಮುಂದೆ ಕಂಬಳಿ, ಹಿಂದೆ ಬರೀ ಮೈ. ಹಿಮ ಬೀಸಿದಾಗ ಮಿಕ್ಕ ದನಗಳು ಬೆನ್ನು ತಿರುಗಿಸಿದರೂ, ಅದೊಂದು ಮಾತ್ರ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತದೆ.