ಕೌದಿಗೆ ಊಟ ಹಾಕಿದ ನಿಂಗಿ

ಒಂದಾನೊಂದು ಕಾಲದಲ್ಲಿ, ಸೂಜಿಗೆ ಕಣ್ಣು ಬಂದು ಇನ್ನೂ ಎಂಟು ದಿನ ಆಗಿರಲಿಲ್ಲ ಅನ್ನೋ ಕಾಲದಲ್ಲಿ, ಒಂದು ಊರಿತ್ತಂತೆ. ಕಾಲು ಒಳಗಿಟ್ಕೋ ಚಿನ್ನಿ, ಚಳಿ ಐತೆ. ದಿನಾ ಈ ಹೊತ್ತಿಗೆ ಈ ಅಜ್ಜಿ ಕೈಯಲ್ಲಿ ಕೌದಿ ಸೂಜಿ ಇರ್ತಿತ್ತು, ನೀನು ಕತೆ ಅಂದ್ರೆ ಸುಮ್ನಿರೇ ಅಂತ ಗದರ್ತಿದ್ದೆ. ಈಗ ಮೂರು ದಿನದಿಂದ ಆ ಸೂಜಿ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು. ಕೈಗೆ ಕೆಲಸ ಇಲ್ಲ ಅಂದ್ಮೇಲೆ ಬಾಯಿಗಾದ್ರೂ ಇರ್ಲಿ, ಕೇಳು.

ಆ ಊರಲ್ಲಿ ಪಾಲವ್ವ ಅಂತ ಕೌದಿ ಹೊಲಿಯೋಳು ಒಬ್ಬಳಿದ್ಲಂತೆ. ಹಳೇ ಸೀರೆ, ಹರಿದ ಪಂಚೆ, ತೂತು ಬಿದ್ದ ಅಂಗಿ, ಯಾರು ಏನು ತಂದುಕೊಟ್ರೂ ಪದರದ ಮೇಲೆ ಪದರ ಹಾಸಿ, ಇರುವೆ ಸಾಲು ಹೋದಂಗೆ ದಾರ ಓಡಿಸಿ ಬೆಚ್ಚಗಿನ ಕೌದಿ ಮಾಡಿಕೊಡ್ತಿದ್ಲಂತೆ. ಗಂಡ ಸಣ್ಣೀರಪ್ಪ, ಆಳು ಎತ್ತಿನಂಗಿದ್ರೂ ಬಾಯಲ್ಲಿ ಮಾತಿಲ್ಲ. ಅವರಿಗೆ ಒಬ್ಬಳೇ ಮಗಳು ನಿಂಗಿ, ಐದು ವರ್ಷದೋಳು, ನಿನ್ನಷ್ಟೇ ಅಂತ ಇಟ್ಕೋ. ಹಟನೂ ನಿನ್ನಷ್ಟೇ. ದಿನಾ ಅವ್ವನ ಮಗ್ಗುಲಲ್ಲಿ ಒಂದೇ ಕೌದಿಯೊಳಗೆ ತೂರ್ಕೊಂಡು, ಅವ್ವನ ಸೆರಗು ಬೆರಳಿಗೆ ಸುತ್ಕೊಂಡು, ಒಂದು ಕಾಲು ಅವ್ವನ ಮೇಲೆ ಎಸೆದ್ರೆ ಮಾತ್ರ ಅವಳಿಗೆ ನಿದ್ದೆ ಬರ್ತಿತ್ತಂತೆ. ಆ ಜಾಗ ಬಿಡು ಅಂತ ರಾಜನೇ ಬಂದು ಕೇಳಿದ್ರೂ ಬಿಡ್ತಿರಲಿಲ್ಲವಂತೆ.

ಹಿಂಗಿರುವಾಗ ಪಾಲವ್ವ ಬಸುರಾದ್ಲಂತೆ. ಊರಿಗೆಲ್ಲ ಗೊತ್ತಾಯ್ತು, ಬಾವಿಕಟ್ಟೆಗೂ ಗೊತ್ತಾಯ್ತು, ನಿಂಗಿಗೆ ಮಾತ್ರ ಯಾರೂ ಹೇಳಲಿಲ್ಲ. ಪಾಲವ್ವ ಹೇಳೋಣ ಅಂತ ಬಾಯಿ ತೆಗೀತಿದ್ಲು, ಸೆರಗು ಸುತ್ಕೊಂಡು ಮಲಗಿದ ಮಗಳ ಮುಖ ನೋಡ್ತಿದ್ಲು, ಹೇಳೋ ಬದಲು ಕೌದಿ ಎಳೆದು ಹೊದಿಸ್ತಿದ್ಲು. ಆಮೇಲೆ ಗಂಡನಿಗೆ, ನೀವಾದ್ರೂ ಹೇಳಿ ಅಂದ್ಲಂತೆ.

ಸಣ್ಣೀರಪ್ಪ ಮಗಳನ್ನ ಜಗಲಿ ಮೇಲೆ ಕೂರಿಸ್ಕೊಂಡು, ಕೆಮ್ಮಿ, ಮತ್ತೊಂದು ಸಲ ಕೆಮ್ಮಿ, ನಿಂಗಿ, ನಮ್ಮನೆಗೆ ಒಂದು ಪುಟ್ಟದು ಬರುತ್ತೆ ಕಣವ್ವ, ನಿಂಗೆ ಆಡ್ಕೊಳ್ಳೋಕೆ ಅಂದನಂತೆ. ಕುರಿಮರಿಯಾ ಅಪ್ಪ ಅಂದ್ಲು ಅವಳು. ಹೂಂ, ಹಂಗೇ ಅನ್ಕೋ ಅಂದ. ಕೊಂಬು ಬರುತ್ತಾ ಅಂದ್ಲು. ಪಾಪ ಅವನು, ಟವೆಲ್ಲು ಹೆಗಲಿಗೆ ಹಾಕ್ಕೊಂಡು, ಕೆಲಸ ಇಲ್ದಿದ್ರೂ ಹೊಲದ ಕಡೆ ಹೊರಟೇಬಿಟ್ನಂತೆ. ನಗಬೇಡ್ವೇ, ನಿಮ್ಮಪ್ಪನೂ ಏನು ಕಮ್ಮಿ ಇಲ್ಲ.

ನಿಂಗಿ ಮರುದಿನದಿಂದಲೇ ಹಸಿ ಹುಲ್ಲು ಕಿತ್ಕೊಂಡು ಬಂದು ಮೂಲೆಯಲ್ಲಿ ಗುಡ್ಡೆ ಹಾಕೋಕೆ ಶುರು ಮಾಡಿದ್ಲಂತೆ, ಕುರಿಮರಿಗೆ ಅಂತ. ಆಮೇಲೆ ಒಂದಿನ ಅವಳ ಸೋದರತ್ತೆ ದುರುಗವ್ವ ಬಂದ್ಲು. ಆ ಹುಲ್ಲು ನೋಡಿ, ವಿಷಯ ಕೇಳಿ, ಹೊಟ್ಟೆ ಹಿಡ್ಕೊಂಡು ನಕ್ಕಳು. ಒಳ್ಳೇ ಹೆಂಗಸೇ, ನಾಲಿಗೆಗೆ ಮಾತ್ರ ಮೂಗುದಾರ ಇಲ್ಲ. ಅಯ್ಯೋ ಹುಚ್ಚು ಹುಡುಗಿ, ಬರೋದು ಕುರಿಯಲ್ಲ, ನಿಮ್ಮವ್ವನಿಗೆ ಇನ್ನೊಂದು ಕೂಸು. ಅಗೋ, ಪುಟ್ಟ ಕೌದಿ ಹೊಲೀತಾ ಕೂತವ್ಳೆ ನೋಡು, ಅದು ಮುಗಿದ ದಿನ ಕೂಸು ಬಂದು ನಿನ್ನ ಜಾಗದಲ್ಲಿ ಮಲಗುತ್ತೆ, ನೀನು ಗಂಟುಮೂಟೆ ಕಟ್ಕೊಂಡು ಆ ಕಡೆ ಸರ್ಕೋ ಅಂದ್ಲಂತೆ. ತಮಾಷೆಗೆ ಅಂದದ್ದು. ಐದು ವರ್ಷದೋಳಿಗೆ ತಮಾಷೆ ಹೆಂಗೆ ಗೊತ್ತಾಗುತ್ತೆ? ನಿಂಗಿ ಗುಡ್ಡೆ ಹಾಕಿದ್ದ ಹುಲ್ಲನ್ನೆಲ್ಲ ಬಾಚಿ ಹಿತ್ತಲಿಗೆ ಎಸೆದುಬಿಟ್ಲಂತೆ.

ಆಮೇಲೆ ಒಬ್ಬಳೇ ಕೂತು ಯೋಚನೆ ಮಾಡಿದ್ಲಂತೆ. ಕೌದಿ ಮುಗಿದ್ರೆ ತಾನೇ ಕೂಸು ಬರೋದು? ಮುಗಿಯೋಕೆ ಬಿಟ್ರೆ ಕೇಳು! ಅವತ್ತೇ ಅವ್ವನ ಸೂಜಿ ತಗೊಂಡು ಹೋಗಿ ಸೂರಿನ ಹುಲ್ಲಿಗೆ ಸಿಕ್ಕಿಸಿಬಿಟ್ಲು. ಪಾಲವ್ವ ಹುಡುಕಿ ಹುಡುಕಿ ಸಾಕಾಗಿ, ಪಕ್ಕದ ಮನೆಯಿಂದ ಇನ್ನೊಂದು ಸೂಜಿ ಇಸ್ಕೊಂಡು ಬಂದು ಹೊಲಿಯೋಕೆ ಕೂತ್ಲಂತೆ. ಹೌದಾ ಅಂತ ನಿಂಗಿ ಎರಡನೇ ದಿನ ದಾರದ ಉಂಡೆ ತಗೊಂಡು ಹೋಗಿ ಕೋಳಿಗೂಡಿಗೆ ಎಸೆದ್ಲು. ಕೋಳಿಗಳು ಕಾಲಿಗೆಲ್ಲ ದಾರ ಸುತ್ಕೊಂಡು ಕೊಕ್ಕೊಕ್ಕೋ ಅಂತ ಊರ ತುಂಬ ಓಡಿ, ಗೌಡರ ಮನೆ ಅಂಗಳಕ್ಕೂ ದಾರ, ಪೂಜಾರಿ ಜುಟ್ಟಿಗೂ ದಾರ! ಪಾಲವ್ವ ತುಂಬಿದ ಹೊಟ್ಟೆ ಹೊತ್ಕೊಂಡು ಬೀದಿ ಬೀದಿ ತಿರುಗಿ ದಾರ ಸುತ್ಕೊಂಡು ಬಂದು, ಉಸ್ಸಪ್ಪಾ ಅಂತ ಕೂತು, ಮತ್ತೆ ಹೊಲಿದ್ಲಂತೆ.

ಮೂರನೇ ದಿನ ಕೌದಿಯ ಕೊನೇ ಮೂಲೆ ಒಂದೇ ಉಳೀತು. ನಮ್ಮ ಕಡೆ ಒಂದು ಪದ್ಧತಿ ಐತಲ್ಲ, ಆ ಮೂಲೆ ಮುಚ್ಚೋ ಮುಂಚೆ ಒಳಗೊಂದು ಚೂರು ಹೋಳಿಗೆ ಇಟ್ಟು ಹೊಲೀಬೇಕು, ಕೌದಿ ಹಸ್ಕೊಂಡಿದ್ರೆ ಹೊದ್ಕೊಂಡೋರೂ ಹಸ್ಕೊಂಡಿರ್ತಾರೆ ಅಂತ. ಪಾಲವ್ವ ಐದು ಹೋಳಿಗೆ ಬೇಯಿಸಿ ತಟ್ಟೆಯಲ್ಲಿಟ್ಟು, ಕೈ ತೊಳ್ಕೊಂಡು ಬರೋಷ್ಟರಲ್ಲಿ ತಟ್ಟೆ ಖಾಲಿ. ಒಲೆ ಹಿಂದೆ ನಿಂಗಿ ಕೂತವ್ಳೆ, ಎರಡು ಕೆನ್ನೆನೂ ಊದ್ಕೊಂಡವೆ, ಮೂಗಿನ ತುದಿಗೆ ಹೂರಣ, ಕಣ್ಣಲ್ಲಿ ಗಳಗಳ ನೀರು. ಐದು ಹೋಳಿಗೆ ತಿಂದು ಯಾರಾದ್ರೂ ಅಳ್ತಾರೇನೇ? ಅವಳು ಅಳ್ತಿದ್ಲಂತೆ.

ಪಾಲವ್ವನಿಗೆ ಆಗ ಗೊತ್ತಾಯ್ತು. ಸೂಜಿ, ದಾರ, ಹೋಳಿಗೆ, ಎಲ್ಲ ಯಾರ ಕೆಲಸ, ಯಾಕೆ ಅಂತ. ಬೈಯಲಿಲ್ಲ. ಒಲೆ ಹಿಂದೆ ತಾನೂ ಹೋಗಿ ನೆಲದ ಮೇಲೆ ಕೂತು ಹೇಳಿದ್ಲಂತೆ, ತಪ್ಪು ನಂದು ಕಣೇ ನಿಂಗಿ, ಮೊದಲು ನಾನೇ ಹೇಳಬೇಕಿತ್ತು. ನನ್ನ ಹೊಟ್ಟೆಯಲ್ಲಿ ಕೂಸೈತೆ. ಕೌದಿ ಇರ್ಲಿ ಬಿಡ್ಲಿ, ದಿನ ತುಂಬಿದ ಮೇಲೆ ಅದು ಬಂದೇ ಬರುತ್ತೆ. ಕೌದಿ ಇಲ್ದಿದ್ರೆ ಚಳಿಯಲ್ಲಿ ನಡುಗುತ್ತೆ ಅಷ್ಟೆ.

ನಿಂಗಿ ಹೂರಣ ನುಂಗಿ ಕೇಳಿದ್ಲಂತೆ, ಮತ್ತೆ ನಾನೆಲ್ಲಿ ಮಲಗ್ಲಿ?

ನಂಗೆ ದೇವರು ಮಗ್ಗುಲು ಎರಡು ಕೊಟ್ಟವ್ನೆ, ಎಡಕ್ಕೆ ಅದು, ಬಲಕ್ಕೆ ನೀನು, ಎಲ್ಲಿದ್ಯೋ ಅಲ್ಲೇ ಅಂದ್ಲು ಅವ್ವ. ನಿಂಗಿ ಬಿಡ್ತಾಳಾ? ಮಗ್ಗುಲು ಎರಡು ಸರಿ, ಮುಖ ಒಂದೇ ಅಲ್ವಾ, ಅದು ಯಾವ ಕಡೆ ಅಂದ್ಲಂತೆ. ಪಾಲವ್ವನಿಗೆ ನಗು ಬಂತು, ಆದ್ರೆ ನಗಲಿಲ್ಲ, ಸುಳ್ಳೂ ಹೇಳಲಿಲ್ಲ. ಅದು ಹಾಲಿಗೆ ಅತ್ರೆ ಆ ಕಡೆ ತಿರುಗ್ತೀನಿ, ಅದಕ್ಕೆ ನಿದ್ದೆ ಬಂದ ಮೇಲೆ ನಿನ್ನ ಕಡೆ ತಿರುಗ್ತೀನಿ ಅಂದ್ಲು. ಇಬ್ರೂ ಒಟ್ಟಿಗೆ ಅತ್ರೆ ಅಂದ್ಲು ಇವಳು. ಆಗ ಅಂಗಾತ ಮಲಗಿ ಇಬ್ಬರಿಗೂ ಒಂದೊಂದು ಕೈ ಕೊಡ್ತೀನಿ ಕಣವ್ವ, ಸೆರಗು ಮಾತ್ರ ಎಂದಿದ್ರೂ ನಿಂದೇ ಅಂದ್ಲಂತೆ.

ನಿಂಗಿ ಅವ್ವನ ಸೆರಗು ಬೆರಳಿಗೆ ಸುತ್ಕೊಂಡ್ಲು. ಆಮೇಲೆ ಮೆಲ್ಲಗೆ ಮುಚ್ಚಿದ ಮುಷ್ಟಿ ಬಿಚ್ಚಿದ್ಲು. ಒಳಗೆ ಬೆವರಲ್ಲಿ ಒದ್ದೆಯಾದ ಒಂದು ಚೂರು ಹೋಳಿಗೆ ಉಳಿದಿತ್ತಂತೆ. ಇದು ಸಾಕಾ ಅವ್ವ, ಅದು ಹಸ್ಕೊಂಡಿರಬಾರ್ದು ಅಂದು ತಾನೇ ಕೌದಿಯ ಮೂಲೆಯೊಳಗೆ ಇಟ್ಲು. ಪಾಲವ್ವ ಅವಳನ್ನ ಬಾಚಿ ತಬ್ಕೊಂಡು ಅತ್ತೇಬಿಟ್ಲಂತೆ. ಆಮೇಲೆ ನಿಂಗಿನೇ ಓಡಿ ಹೋಗಿ ಸೂರಿಂದ ಸೂಜಿ ತಂದುಕೊಟ್ಲು, ಕೌದಿ ಮುಗೀತು, ದಿನ ತುಂಬಿ ಕೂಸೂ ಬಂತಂತೆ.

ಗಂಡೋ ಹೆಣ್ಣೋ ಅಂತೀಯಾ? ನಂಗೆ ಕತೆ ಹೇಳಿದೋರು ಅದನ್ನ ಹೇಳಲಿಲ್ಲ. ಅತ್ರೆ ಮಾತ್ರ ಊರೇ ಎದ್ದು ಕೂರ್ತಿತ್ತಂತೆ. ಆಗೆಲ್ಲ ಅವ್ವ ಅಂಗಾತ ಮಲಗಿ ಎರಡು ಕಡೆ ಎರಡು ಕೈ ಚಾಚ್ತಿದ್ಲು, ಅಪ್ಪ ಬಾಗಿಲ ಹತ್ರ ಗೊರಕೆ ಹೊಡೀತಿದ್ದ, ಮನೆಗೆ ಬಂದೋರಿಗೆಲ್ಲ ನಿಂಗಿ, ನಮ್ಮ ಕೂಸಿನ ಕೌದಿಗೆ ಊಟ ಹಾಕಿದ್ದು ನಾನೇ ಅಂತ ಹೇಳ್ಕೊಂಡು ತಿರುಗ್ತಿದ್ಲು. ಹಂಗೆ ಎಲ್ರೂ ಸುಖವಾಗಿದ್ರಂತೆ.

ಯಾಕೇ ಎದ್ದು ಕೂತೆ? ಏನಂದೆ, ಜೋರಾಗಿ ಹೇಳು. ರಾಗಿ ಡಬ್ಬದಲ್ಲಾ? ನನ್ನ ಸೂಜಿ ಮೂರು ದಿನದಿಂದ ರಾಗಿ ಡಬ್ಬದಲ್ಲೈತಾ! ಅಯ್ಯೋ ನನ್ನ ಕಳ್ಳಿ, ನನ್ನ ಬಂಗಾರ, ಅಳಬೇಡ, ಬಾ ಇಲ್ಲಿ. ನಂಗೆ ಬೈಯೋಕೆ ಬಾಯಿ ಬರುತ್ತೇನೇ? ನಿನಗೂ ಯಾರೂ ಸರಿಯಾಗಿ ಹೇಳಿರಲಿಲ್ಲ, ಈಗ ನಾನು ಹೇಳಿದೆ ನೋಡು. ಹೂಂ, ಕೂಸು ನಿಮ್ಮವ್ವನ ಹೊಟ್ಟೆಯಲ್ಲೇ ಐತೆ. ಮಾವಿನಕಾಯಿ ಹೊತ್ತಿಗೆ ಬರುತ್ತೆ. ಅವಳೂ ಅಂಗಾತ ಮಲಗ್ತಾಳಾ ಅಂತ ನನ್ನೇನು ಕೇಳ್ತೀಯಾ, ಹೋಗಿ ಅವಳನ್ನೇ ಕೇಳು, ಆಗಿಂದ ಬಾಗಿಲ ಹಿಂದೆ ನಿಂತು ಕಣ್ಣು ಒರೆಸ್ಕೋತಾ ಅವ್ಳೆ. ನಾಳೆ ಹೋಳಿಗೆ ಮಾಡ್ತೀನಿ. ನೀನು ನಾಲ್ಕು ಬೇಕಾದ್ರೂ ತಿನ್ನು, ಒಂದು ಚೂರು ಮಾತ್ರ ಮುಷ್ಟಿಯಲ್ಲಿ ಇಟ್ಕೋ. ಕತೆ ಮುಗೀತು, ಕೌದಿ ಬಾಕಿ ಐತೆ.