ಮೇಲಿಟ್ಟ ಓಲೆ

“ಗುರುಗಳೇ, ಹೇಳಿದಷ್ಟನ್ನೇ ತಪ್ಪದೆ ಮಾಡುವವನಿಗೂ ಪಾಪ ಅಂಟುತ್ತದೆಯೇ?” ಎಂದು ಚನ್ನಮಲ್ಲ ಕೇಳಿದ.

ಗುರುಗಳು ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡರು. “ಕೂತುಕೋ ಮಗು,” ಎಂದು ಈ ಕತೆ ಹೇಳಿದರು.

ಒಬ್ಬ ರಾಜನಿದ್ದ. ದೈವಭಕ್ತ. ಓದು ಬಲ್ಲ ಗುಮಾಸ್ತರಿಂದ ಅವನು ಬೇಸತ್ತಿದ್ದ. ಓದಿದವನಿಗೆ ಕನಿಕರ ಬರುತ್ತದೆ, ಇಲ್ಲವೆ ಲಂಚ ಬೇಕಾಗುತ್ತದೆ. ಆದ್ದರಿಂದ ಮಂತ್ರಿ ಓದು ಬಾರದ ಮೂವರನ್ನು ತಂದು ಕೂರಿಸಿದ. ಮೊದಲನೆಯವನು ಬಂದದ್ದನ್ನು ಬಂದ ಹಾಗೆಯೇ ಮುಂದಕ್ಕೆ ಕೊಡಬೇಕು. ಎರಡನೆಯವನು, ಎರಡು ಓಲೆ ಬಂದರೆ, ಮೇಲಿನದನ್ನು ಉಳಿಸಿಕೊಂಡು ಕೆಳಗಿನದನ್ನು ಒಲೆಗೆ ಹಾಕಬೇಕು. ಮೂರನೆಯವನು ಕೈಗೆ ಬಂದ ಓಲೆಯ ಅಕ್ಷರಗಳನ್ನು ಚಿತ್ರ ಬಿಡಿಸಿದಂತೆ ಬಿಡಿಸಿ ಎರಡು ಪ್ರತಿ ಮಾಡಿ, ಇಬ್ಬರು ಅಧಿಕಾರಿಗಳಿಗೆ ಕಳಿಸಿ, ಇಬ್ಬರ ಉತ್ತರವನ್ನೂ ಜೋಡಿಸಿ ರಾಜನಿಗೆ ಒಪ್ಪಿಸಬೇಕು. ಇಂಥ ಮೂವರನ್ನು ಬೇಕಾದಂತೆ ಹಿಂದೆ ಮುಂದೆ ಕೂರಿಸಿದರೆ ಸಾಕು, ರಾಜ್ಯದ ಯಾವ ಕೆಲಸವೂ ನಡೆಯುತ್ತದೆ ಎಂದು ಮಂತ್ರಿ ಮಾಡಿ ತೋರಿಸಿದ. ನಡೆಯಿತು ಕೂಡ.

ಅರಮನೆಯ ಕಣಜಕ್ಕೆ ಬೆಂಕಿಯಿಟ್ಟನೆಂದು ಒಬ್ಬ ಗಾಣಿಗನಿಗೆ ಮರಣದಂಡನೆಯಾಯಿತು. ದಂಡನೆಯ ಓಲೆ ಮೊದಲು ಮನೆಗೆ ಹೋಗುವುದು ಅಲ್ಲಿನ ಪದ್ಧತಿ. ಮನೆಯವರು ತಮ್ಮ ಕಡೆಯಿಂದ ಏನಾದರೂ ಹೇಳುವುದಿದ್ದರೆ ಬರೆಸಿ, ಎರಡು ಓಲೆಯನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿ ಈ ಮೂವರ ಬಳಿಗೆ ತರಬೇಕು. ಅಷ್ಟರಲ್ಲಿ, ನಿಜವಾಗಿ ಬೆಂಕಿಯಿಟ್ಟಿದ್ದ ಬೇರೊಬ್ಬ ಸಾಯುವಾಗ ಒಬ್ಬ ಜಂಗಮರ ಮುಂದೆ ತಪ್ಪೊಪ್ಪಿಕೊಂಡ. ಜಂಗಮರು ಅದನ್ನು ಬರೆದು ಗಾಣಿಗನ ಹೆಂಡತಿಯ ಕೈಗೆ ಕೊಟ್ಟರು.

ಜನ ತಮ್ಮ ಮಾತನ್ನೇ ಮೇಲಿಟ್ಟು ತರುತ್ತಾರೆಂದು ಮಂತ್ರಿ ಎಣಿಸಿದ್ದ. ಆಕೆ ಭಯಭಕ್ತಿಯ ಹೆಂಗಸು. ರಾಜಮುದ್ರೆಯ ಮೇಲೆ ಇನ್ನೊಂದನ್ನು ಇಡುವುದುಂಟೆ? ದಂಡನೆಯ ಓಲೆಯನ್ನು ಹಣೆಗೊತ್ತಿಕೊಂಡು ಮೇಲಿಟ್ಟಳು. ಗಂಡನ ಜೀವವಿದ್ದ ಓಲೆಯನ್ನು ಕೆಳಗಿಟ್ಟು ಗಂಟು ಕಟ್ಟಿ ತಂದಳು.

ಮೊದಲನೆಯವನು ಗಂಟನ್ನು ಹಾಗೆಯೇ ಮುಂದಕ್ಕೆ ಕೊಟ್ಟ. ಎರಡನೆಯವನು ಬಿಚ್ಚಿ, ಕೆಳಗಿನ ಓಲೆಯನ್ನು ಒಲೆಗೆ ಹಾಕಿದ.

ಆಕೆ ಕೂಗಿಕೊಂಡಳು. “ಅಯ್ಯೋ ಅಣ್ಣಾ, ಅದರಲ್ಲಿ ಏನಿದೆ ಅಂತ ನೋಡಬಾರದಿತ್ತೇ!”

“ಮೇಲಿನದು ಒಳಕ್ಕೆ, ಕೆಳಗಿನದು ಒಲೆಗೆ. ನನಗೆ ಗೊತ್ತಿರುವುದು ಅಷ್ಟೇ ಅಕ್ಕಾ. ಮನೆಯಲ್ಲಿ ನನ್ನ ಹೆಂಡತಿಯೂ ಇದಕ್ಕೇ ಬೈಯುತ್ತಾಳೆ.”

ಮೂರನೆಯವನು ಉಳಿದ ಓಲೆಯನ್ನು ಎರಡು ಮಾಡಿ ಒಂದನ್ನು ಸೆರೆಮನೆಗೆ, ಒಂದನ್ನು ದಂಡನೆ ನಡೆಸುವ ತಳವಾರನಿಗೆ ಕಳಿಸಿದ. ಸೆರೆಮನೆಯಿಂದ ‘ಕೊಟ್ಟೆವು’ ಎಂದು ಉತ್ತರ ಬಂತು. ತಳವಾರನಿಂದ ‘ಮುಗಿಯಿತು’ ಎಂದು. ಎರಡನ್ನೂ ಅಂದವಾಗಿ ಜೋಡಿಸಿ ರಾಜನಿಗೆ ಒಪ್ಪಿಸಿದ.

ಆಮೇಲೆ ಜಂಗಮರು ಬಂದು ನಡೆದದ್ದನ್ನು ಹೇಳಿದಾಗ ರಾಜ ಅನ್ನ ಬಿಟ್ಟ. ಮೂವರನ್ನೂ ದೇವರ ಮುಂದೆ ನಿಲ್ಲಿಸಿ ವಿಚಾರಿಸಿದ. ಯಾರ ಕೆಲಸದಲ್ಲೂ ಎಳ್ಳಷ್ಟು ಲೋಪ ಸಿಗಲಿಲ್ಲ. ಕೊನೆಗೆ ಮೂವರಿಗೂ ಒಂದೊಂದು ಶಾಲು ಹೊದಿಸಿ ಕಳಿಸಿದ.

ಗುರುಗಳು ಕತೆ ಮುಗಿಸಿದರು.

ಚನ್ನಮಲ್ಲನ ಮುಖ ಹಗುರವಾಯಿತು. “ಹಾಗಾದರೆ ಅವರು ತಪ್ಪು ಮಾಡಲಿಲ್ಲ ಅಂತಲೇ ಆಯಿತಲ್ಲ, ಗುರುಗಳೇ?”

“ಹೌದು ಮಗು. ಮೂವರಲ್ಲಿ ಒಬ್ಬನಾದರೂ ಅಂದು ತಪ್ಪು ಮಾಡಿದ್ದರೆ ಗಾಣಿಗ ಬದುಕುತ್ತಿದ್ದ.”